ನಮ್ಮಜ್ಜನ ಅಜ್ಜನ ಕಸುಬು "ಅ|ಮ| ಸೇರ್ವೆಗಾರ" ಅಂತಿದೆ. ಏನಿದು?

ತರೀಕೆರೆ ಹುಡುಗ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಹೆಸರಿಗೆ ಹುಡುಗ, ವಯಸ್ಸು ಐವತ್ತಾರು ದಾಟಿದೆ.

ನಮ್ಮ ಊರಿನ ಶಾನುಭೋಗರ ಮನೆಯವರು ಹಳೇ ಮನೆ ಮಾರಿ ಬೆಂಗಳೂರಿಗೆ ಹೋದರು. ಅಟ್ಟ ಖಾಲಿ ಮಾಡುವಾಗ ಒಂದು ಟ್ರಂಕು ತುಂಬ ಕಾಗದ ಸಿಕ್ಕಿತಂತೆ. ಅರ್ಧಕ್ಕರ್ಧ ಗೆದ್ದಲು ಹಿಡಿದಿತ್ತು. ಉಳಿದದ್ದರಲ್ಲಿ ನಮ್ಮ ಬೀದಿಯ ಮನೆಗಳ ಪಟ್ಟಿ ಇದ್ದ ಎರಡು ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಮೇಲೆ "ಖಾನೇಷುಮಾರಿ" ಅಂತ ಬರೆದಿದೆ. ಕೆಳಗೆ "ಪ್ರಮೋದೂತ ಸಂ| ಮಾಘ". ಮನೆ ನಂಬರು, ಯಜಮಾನನ ಹೆಸರು, ಗಂಡಸು, ಹೆಂಗಸು, ಮಕ್ಕಳು, ಎತ್ತು, ಹಸು, ಎಮ್ಮೆ, ಕುರಿ, ಮಗ್ಗ, ಗಾಣ, ಕಸುಬು, ಹೀಗೆ ಮನೆಗಳು (ಕಾಲಂಗಳು).

ನಮ್ಮಜ್ಜನ ಅಜ್ಜನ ಹೆಸರು ನಾಲ್ಕನೇ ಸಾಲಿನಲ್ಲಿದೆ. ನೋಡಿ ಮೈ ಜುಮ್ ಅಂತು. ಗಂಡಸು 3, ಹೆಂಗಸು 4, ಮಕ್ಕಳು 5. ಎತ್ತು 2, ಹಸು ಇಲ್ಲ. ಕಸುಬಿನ ಮನೆಯಲ್ಲಿ "ಅ|ಮ| ಸೇರ್ವೆಗಾರ". ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಊರಲ್ಲಿಲ್ಲ".

ನಾವು ತಲೆತಲಾಂತರದಿಂದ ರಾಗಿ, ಹುರುಳಿ ಬೆಳೆದವರು ಅಂತಲೇ ನಮಗೆ ಗೊತ್ತಿದ್ದದ್ದು. ಈ ಸೇರ್ವೆಗಾರ ಅಂದರೆ ಯಾರು? ಸೇರಿನಲ್ಲಿ ಅಳೆದು ಕೊಡುವವನು ಅಂತ ನನ್ನ ಮಗಳ ಅಭಿಪ್ರಾಯ. ಹಳೇ ಜನಗಣತಿ ಆನ್‌ಲೈನ್‌ನಲ್ಲಿ ಇದೆಯೇನೋ ಅಂತ ರಾತ್ರಿಯೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ.

ಧಾರವಾಡದ ಮಾಸ್ತರ (ಸೋಮವಾರ ಬೆಳಿಗ್ಗೆ)

ಗೀಟು ಹಾಕಿದ್ದು ಶಬ್ದ ಮೊಟಕು ಮಾಡಿದ ಗುರುತು. "ಅ|ಮ|" ಅಂದ್ರ ಅಮಾನಿ ಇರಬೇಕ್ರೀ. ಗುತ್ತಿಗೆಗೆ ಕೊಡದೆ ಸರಕಾರ ತಾನೇ ನೇರವಾಗಿ ನೋಡಿಕೊಳ್ಳುತ್ತಿದ್ದ ಭೂಮಿ, ಉತ್ಪನ್ನ ಎಲ್ಲಕ್ಕೂ ಅಮಾನಿ ಅಂತಿದ್ದರು. ನಿಮ್ಮ ಕಡೆ ಅಮಾನಿಕೆರೆ ಅಂತ ಊರೂರಿಗೆ ಕೆರೆ ಇರ್ತಾವಲ್ಲ, ಅದೇ ಶಬ್ದ. ಅಮಾನಿ ಹೊಲದ ಕಾಳು ಅಳೆಯುವ ಮನುಷ್ಯ ಇದ್ದಿರಬಹುದು. ನಿಮ್ಮ ಮಗಳು ಹೇಳಿದ್ದು ತೀರ ತಪ್ಪಲ್ಲ.

ಒಂದು ಪುಣ್ಯ, ನಿಮ್ಮ ಕಾಗದ ಕನ್ನಡದಾಗ ಐತಿ. ನಮ್ಮ ಕಡೆ ಮುಂಬೈ ಸರಕಾರದ ಕಾಲದ ಹಳೇ ಕಾಗದ ಬಹಳಷ್ಟು ಮೋಡಿ ಲಿಪಿಯವು, ಮರಾಠಿ ಬರೆಯೋ ಹಳೇ ಕೂಡಕ್ಷರ. ಓದುವವರನ್ನು ಹುಡುಕೂದೇ ಒಂದು ಕೆಲಸ.

ಲೀಡ್ಸ್ ಕನ್ನಡತಿ (ಸೋಮವಾರ ಮಧ್ಯಾಹ್ನ)

ಓದಿ ಹೊಟ್ಟೆಕಿಚ್ಚಾಯಿತು ಸಾರ್. ಇಲ್ಲಿ ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಜನಗಣತಿಯ ಮನೆಮನೆ ಹಾಳೆಯನ್ನೇ ತೆರೆದುಬಿಡುತ್ತಾರೆ. 1921ರದ್ದು 2022ರಲ್ಲಿ ಬಂತು. ನಮ್ಮ ಪಕ್ಕದ ಮನೆ ಅಜ್ಜಿ ಕೂತಲ್ಲೇ ಹೆಸರು ಒತ್ತಿ ಅವರ ಅಜ್ಜನ ಕಸುಬು ತೆಗೆದರು. ಮಿಲ್ಲಿನ ಕೆಲಸಗಾರರನ್ನು ಬೆಳಗಿನ ಜಾವ ಕಿಟಕಿ ಬಡಿದು ಎಬ್ಬಿಸುವ ಕೆಲಸವಂತೆ! ಅದಕ್ಕೂ ಸಂಬಳ ಇತ್ತಂತೆ. ಹಾಗಂತ ಇಲ್ಲೂ ಎಲ್ಲ ಸಿಗುತ್ತೆ ಅಂತಲ್ಲ. 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು.

ನಮ್ಮ ದೇಶದಲ್ಲಿ ಹೀಗೆ ಹೆಸರು ಹಾಕಿ ಹುಡುಕಲು ಆಗಲ್ವಾ?

ಕಡತದ ಹುಳ (ಸೋಮವಾರ ಸಂಜೆ)

ಆಗಲ್ಲ ಅಕ್ಕ. ನಮ್ಮಲ್ಲಿ ಹಳೇ ಜನಗಣತಿಯಿಂದ ಉಳಿದಿರುವುದು ಒಟ್ಟು ಲೆಕ್ಕದ ಕೋಷ್ಟಕ ಮತ್ತು ವರದಿ. ಇಂಥ ಜಿಲ್ಲೆಯಲ್ಲಿ ಇಷ್ಟು ನೇಕಾರರು, ಇಷ್ಟು ಕುಂಬಾರರು ಅಂತ ಸಿಗುತ್ತೆ. ಇಂಥ ಮನೆಯಲ್ಲಿ ಇಂಥವರು ಅಂತ ಸಿಗಲ್ಲ. ಲೆಕ್ಕ ಕೂಡಿ ಮುಗಿದ ಮೇಲೆ ಮನೆಮನೆ ಹಾಳೆಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಈಗಿನದ್ದಂತೂ 1948ರ ಜನಗಣತಿ ಕಾಯ್ದೆಯ ಪ್ರಕಾರ ಯಾರೂ ನೋಡುವ ಹಾಗೇ ಇಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬರಲ್ಲ.

ಆದರೆ ಹುಡುಗ ಸಾರ್ ಕೈಯಲ್ಲಿರುವುದು ಅದಲ್ಲ. ಖಾನೇಷುಮಾರಿ ಅಂದರೆ ಮನೆ ಎಣಿಕೆ. ಖಾನೆ ಅಂದರೆ ಮನೆ, ಷುಮಾರಿ ಅಂದರೆ ಎಣಿಸುವುದು. ಮೈಸೂರು ಸೀಮೆಯಲ್ಲಿ ಕ್ರಮವಾದ ಮೊದಲ ಜನಗಣತಿ ನಡೆದದ್ದು 1871ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಜನಸಂಖ್ಯೆ ಎಷ್ಟು ಅಂದರೆ ಶಾನುಭೋಗರು ಬರೆದ ಈ ಖಾನೇಷುಮಾರಿಯೇ ಗತಿ. ಶಾನುಭೋಗರ ಮನೆಯಲ್ಲಿದ್ದ ನಕಲು ಅಟ್ಟದ ಮೇಲೆ ಉಳಿದುಕೊಂಡಿದೆ ಅಂದರೆ ನಿಮ್ಮ ಅದೃಷ್ಟ ದೊಡ್ಡದು.

ಈಗ ವರ್ಷ ನೋಡಿ. ಪ್ರಮೋದೂತ ಅಂದರೆ 1870-71. ಮಾಘ ಅಂದರೆ 1871ರ ಶುರು. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1930-31 ಕೂಡ ಪ್ರಮೋದೂತವೇ! 1931ರಲ್ಲೂ ಜನಗಣತಿ ನಡೆದಿದೆ. ಹಾಗಾಗಿ ಮೊದಲು ಕಾಲ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕಸುಬು. ಮೇಲ್ಗಡೆ ತಾಲ್ಲೂಕು, ಜಿಲ್ಲೆ ಏನಂತ ಬರೆದಿದೆ?

ಕುಂದಾಪ್ರ ಕಡಲು (ಸೋಮವಾರ ರಾತ್ರಿ)

ಸೇರ್ವೆಗಾರ ಅಂದರೆ ನಮ್ಮ ಕಡೆ ಕೇಳುವುದೇ ಬೇಡ ಮಾರಾಯ್ರೆ. ರಾಮಕ್ಷತ್ರಿಯರಿಗೆ ಹಿಂದೆ ಕೋಟೆಗಾರ, ಸೇರ್ವೆಗಾರ ಅಂತೆಲ್ಲ ಹೆಸರಿತ್ತು. ಕೆಳದಿ ನಾಯಕರ ಕಾಲದ ಕೋಟೆ ಕಾವಲಿನವರು. ನಿಮ್ಮವರು ಘಟ್ಟ ಹತ್ತಿ ಬಂದವರೇ ಇರಬೇಕು ನೋಡಿ.

ಒಂದು ಎಚ್ಚರ. ಶೇರಿಗಾರ ಬೇರೆ. ಅದು ದೇವಸ್ಥಾನದಲ್ಲಿ ವಾದ್ಯ ಊದುವ ದೇವಾಡಿಗರ ಮನೆ ಹೆಸರು. ಬರೆಯುವಾಗ ಒಂದಕ್ಷರ ಜಾರಿದರೆ ಕೋಟೆಯವನು ಗರ್ಭಗುಡಿ ಎದುರು ನಿಂತುಬಿಡುತ್ತಾನೆ!

ಕೊಪ್ಪದ ಕಾಫಿ (ಸೋಮವಾರ ರಾತ್ರಿ)

ಕಡಲಣ್ಣ ಸುಮ್ನೆ ಎಲ್ಲರನ್ನೂ ಕರಾವಳಿಗೆ ಎಳೆಯಬೇಡಿ. ಘಟ್ಟದ ಮೇಲೆ ಸೇರೆಗಾರ ಅಂದರೆ ಆಳುಗಳ ಮೇಸ್ತ್ರಿ. ಕೆಳಗಿಂದ ಆಳು ಕರೆತಂದು ಅಡಿಕೆ ತೋಟಕ್ಕೋ ಕಾಫಿ ತೋಟಕ್ಕೋ ಬಿಡುವವನು. ಮುಂಗಡ ಕೊಡುವುದೂ ಅವನೇ, ಲೆಕ್ಕ ಹಿಡಿಯುವುದೂ ಅವನೇ, ಬೈಸಿಕೊಳ್ಳುವುದೂ ಅವನೇ. ನಮ್ಮ ತೋಟದಲ್ಲಿ ನಾನು ಚಿಕ್ಕವನಿದ್ದಾಗಲೂ ಒಬ್ಬರು ಸೇರೆಗಾರರಿದ್ದರು. ತರೀಕೆರೆಯಿಂದ ಬಾಬಾಬುಡನ್‌ಗಿರಿ ಕಣ್ಣಳತೆ ದೂರ. ಆ ಗಿರಿಯ ಕಾಫಿ ತೋಟಕ್ಕೆ ಆಳು ಒದಗಿಸುತ್ತಿದ್ದರೋ ಏನೋ. "ಊರಲ್ಲಿಲ್ಲ" ಅನ್ನುವುದಕ್ಕೂ ಸರಿಹೋಗುತ್ತೆ.

ತರೀಕೆರೆ ಹುಡುಗ (ಮಂಗಳವಾರ ಬೆಳಿಗ್ಗೆ)

ಒಂದೇ ರಾತ್ರಿಯಲ್ಲಿ ನಮ್ಮಜ್ಜನ ಅಜ್ಜ ಕಾಳು ಅಳೆದು, ಕೋಟೆ ಕಾದು, ಕಾಫಿ ತೋಟಕ್ಕೆ ಆಳು ತಂದ. ಥ್ಯಾಂಕ್ಸ್!

ಹುಳ ಸಾರ್ ಕೇಳಿದ್ದು ನೋಡಿದೆ. ಮೇಲ್ಗಡೆ "ನಗರ ಡಿವಿಜನ್ ಕಡೂರು ಡಿಸ್ಟ್ರಿಕ್ಟ್ ತರೀಕೆರೆ ತಾಲ್ಲೂಕು" ಅಂತಿದೆ. ನಗರ ಅಂದರೆ ಹೊಸನಗರದ ಹತ್ತಿರದ ನಗರವಾ? ಅದಕ್ಕೂ ನಮಗೂ ಏನು ಸಂಬಂಧ?

ಸೇರೆಗಾರ ಅಲ್ಲ, ಖಂಡಿತ ಸೇರ್ವೆಗಾರ. ಭೂತಗನ್ನಡಿ ಹಿಡಿದು ನೋಡಿದ್ದೇನೆ. ಆದರೆ "ಸೇ"ಗೆ ದೀರ್ಘ ಹಾಕಿಲ್ಲ. ಆ ಶಾನುಭೋಗರು ಯಾವ ಅಕ್ಷರಕ್ಕೂ ದೀರ್ಘ ಹಾಕಿದವರಲ್ಲ. ಅರ್ಕಾವತ್ತು ಮಾತ್ರ ಢಾಳಾಗಿ ಕಾಣುತ್ತೆ.

ಕಡತದ ಹುಳ (ಮಂಗಳವಾರ ಮಧ್ಯಾಹ್ನ)

ಸಿಕ್ಕಿತು! ಕಾಲದ ಪ್ರಶ್ನೆ ಮುಗಿಯಿತು. ಬ್ರಿಟಿಷ್ ಕಮಿಷನರು ಮೈಸೂರನ್ನು ಆಳುತ್ತಿದ್ದಾಗ, 1863ರಲ್ಲಿ, ಸೀಮೆಯನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಅಂತ ಮೂರು ಡಿವಿಜನ್ ಮಾಡಿದರು. ಕಡೂರು ಜಿಲ್ಲೆ ನಗರ ಡಿವಿಜನ್ನಿಗೆ ಸೇರಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಒಪ್ಪಿಸುವ ಹೊತ್ತಿಗೆ ಈ ಡಿವಿಜನ್‌ಗಳು ಹೋಗಿದ್ದವು. ಹಾಗಾಗಿ 1930ರ ಕಾಗದದ ಮೇಲೆ ಆ ಹೆಸರು ಬರಲು ಸಾಧ್ಯವಿಲ್ಲ. ನಿಮ್ಮದು 1871ರದ್ದೇ. ಕ್ರಮವಾದ ಜನಗಣತಿಗೆ ಇನ್ನೂ ಒಂಬತ್ತು ತಿಂಗಳಿದ್ದಾಗ ಬರೆದದ್ದು. ಮಗ್ಗ, ಗಾಣದ ಕಾಲಂಗಳೂ ಆ ಕಾಲಕ್ಕೇ ಹೊಂದುತ್ತವೆ. ಮಗ್ಗಕ್ಕೂ ಗಾಣಕ್ಕೂ ಮೊಹತರ್ಫಾ ಅಂತ ಆಗ ತೆರಿಗೆ ಇತ್ತಲ್ಲ.

ಕಸುಬು ಮಾತ್ರ ನನಗೂ ಹೊಳೆಯುತ್ತಿಲ್ಲ.

ಸರಪಳಿ ರಾಯರು (ಮಂಗಳವಾರ ಸಂಜೆ)

ಮೂವತ್ತೆರಡು ವರ್ಷ ಭೂಮಾಪನದಲ್ಲಿ ಸವೆದು ನಿವೃತ್ತನಾದವನು. ದೀರ್ಘ ಇಲ್ಲ ಅಂದಿರಿ. ಹಾಗಾದರೆ ಅದು "ಸರ್ವೆ" ಯಾಕಾಗಬಾರದು? ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಸರ್ವೆ ತಂಡದ ಹಿಂದೆ ಸರಪಳಿ ಎಳೆಯುತ್ತ ತಿಂಗಳುಗಟ್ಟಲೆ ಊರೂರು ಸುತ್ತುವುದು. ಊರಲ್ಲಿ ಹೇಗಿರುತ್ತಾನೆ? ನಾನೇ ಇರುತ್ತಿರಲಿಲ್ಲ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ.

(ಅರ್ಧ ಗಂಟೆ ಬಿಟ್ಟು ಸೇರಿಸಿದ್ದು) ಯೋಚಿಸಿದರೆ ನನ್ನ ಮಾತು ನನಗೇ ಸರಿ ಕಾಣುತ್ತಿಲ್ಲ. ಇಷ್ಟು ವರ್ಷದಲ್ಲಿ ಸರ್ವೆಯವನು, ಮೋಜಣಿದಾರ ಅಂತೆಲ್ಲ ಕರೆಸಿಕೊಂಡಿದ್ದೇನೆ. "ಸರ್ವೆಗಾರ" ಅಂತ ಒಬ್ಬರೂ ಕರೆದಿಲ್ಲ. ಒಂದು ಕೆಲಸ ಮಾಡಿ. ನಿಮ್ಮ ಸಾಲನ್ನೇ ದಿಟ್ಟಿಸುವುದು ಬಿಟ್ಟು ಅಕ್ಕಪಕ್ಕದ ಸಾಲು ಓದಿ. ಒಂದು ಸರ್ವೆ ನಂಬರಿನ ಗಡಿ ಗೊತ್ತಾಗಬೇಕಾದರೆ ನಾವು ಪಕ್ಕದ ನಂಬರಿನ ಕಲ್ಲು ಹುಡುಕುತ್ತೇವೆ. ಕಾಗದಕ್ಕೂ ಅದೇ ದಾರಿ.

ತರೀಕೆರೆ ಹುಡುಗ (ಮಂಗಳವಾರ ರಾತ್ರಿ)

ರಾಯರೇ, ನಿಮಗೆ ದೊಡ್ಡ ನಮಸ್ಕಾರ. ಎರಡೂ ಹಾಳೆ ಪೂರ್ತಿ ಓದಿದೆ. 31 ಮನೆ ಇವೆ. "ಅ|ಮ|" ನಮ್ಮ ಸಾಲಿನಲ್ಲಿ ಮಾತ್ರ ಅಲ್ಲ, ಇನ್ನೂ ಮೂರು ಕಡೆ ಇದೆ! ಆ ಮೂರರಲ್ಲೂ "ಅ|ಮ| ಕಾವಲು" ಅಂತಿದೆ. ಮೂರರ ಎದುರೂ "ಊರಲ್ಲಿಲ್ಲ". ಉಳಿದವರೆಲ್ಲ ಆರಂಭ (ಬೇಸಾಯ), ಕೂಲಿ, ಅಂಗಡಿ, ಮಗ್ಗ. ಒಬ್ಬ ನೀರಗಂಟಿ, ಒಬ್ಬ ತಳವಾರ.

ಅಂದರೆ ಒಂದೇ ಗುಂಪಿನ ನಾಲ್ಕು ಮನೆಯವರು ಒಟ್ಟಿಗೆ ಎಲ್ಲೋ ಹೋಗಿದ್ದಾರೆ. ಏನನ್ನೋ ಕಾಯುತ್ತಿದ್ದಾರೆ. ಕೋಟೆಯಾ?

ಕಡತದ ಹುಳ (ಮಂಗಳವಾರ ಮಧ್ಯರಾತ್ರಿ)

ಕೋಟೆ ಅಲ್ಲ ಸಾರ್, ಕೋಟೆ ಅಲ್ಲ! "ಕಾವಲು" ಅನ್ನುವುದನ್ನು ಕಾಯುವ ಕೆಲಸ ಅಂತ ಓದಬೇಡಿ, ಜಾಗ ಅಂತ ಓದಿ. ನಿಮ್ಮ ಸುತ್ತಮುತ್ತ ಎಷ್ಟು ಊರಿನ ಹೆಸರಿನ ಬಾಲದಲ್ಲಿ ಕಾವಲ್ ಇದೆ ನೆನಪು ಮಾಡಿಕೊಳ್ಳಿ. ಹುಲ್ಲುಗಾವಲು. ಈಗ "ಅ|ಮ|" ತಾನಾಗಿ ಬಾಯಿಗೆ ಬರುತ್ತೆ. ಅಮೃತ ಮಹಲ್!

ನಿದ್ದೆ ಬರುತ್ತಿಲ್ಲ, ಪೂರ್ತಿ ಬರೆದೇ ಮಲಗುತ್ತೇನೆ. ಅಮೃತ ಮಹಲ್ ಅಂದರೆ ಈಗ ಎಲ್ಲರಿಗೂ ಒಂದು ತಳಿಯ ದನ. ಆದರೆ ಅದು ಮೊದಲು ಒಂದು ಇಲಾಖೆಯ ಹೆಸರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದಕ್ಕೆ ಒಡೆಯರು ಸಾಕಿದ ಹಸುಗಳಿಂದ ಶುರುವಾದದ್ದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಹೈದರಾಲಿ ಬಂದ ಮೇಲೆ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಫಿರಂಗಿ ಎಳೆಯಬೇಕಲ್ಲ. ಈ ಎತ್ತುಗಳನ್ನು ಕಟ್ಟಿಕೊಂಡು ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋಯಿತು ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೊಸ ಹೆಸರಿಟ್ಟು, ದನ ಹೇಗೆ ನೋಡಿಕೊಳ್ಳಬೇಕು ಅಂತ ಹುಕುಂನಾಮೆಯನ್ನೂ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಕಣ್ಣು ಹಾಕಿದ್ದೂ ಈ ದನಗಳ ಮೇಲೆ.

ದನಗಳನ್ನು ಹಿಂಡು ಹಿಂಡಾಗಿ ಬಿಟ್ಟಿದ್ದರು. ಒಂದೊಂದು ಹಿಂಡಿನ ಜವಾಬ್ದಾರಿ ಹೊತ್ತ ಮುಖ್ಯ ದನಗಾಹಿಯೇ ಸೇರ್ವೆಗಾರ. ಅವನ ಮೇಲೆ ದರೋಗ ಅನ್ನುವ ಅಧಿಕಾರಿ, ಕೈಕೆಳಗೆ ದನ ಕಾಯುವವರು. ನಿಮ್ಮ ಪಟ್ಟಿಯ ಉಳಿದ ಮೂವರು ಅವನ ಕೈಕೆಳಗಿನವರೇ ಇರಬೇಕು.

ಇನ್ನೊಂದು ಮಾತು. 1860ರಲ್ಲಿ ಖರ್ಚು ಜಾಸ್ತಿ ಅಂತ ಸರ್ಕಾರ ಹಿಂಡುಗಳನ್ನೆಲ್ಲ ಹರಾಜು ಹಾಕಿಬಿಟ್ಟಿತು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತೇ ಸಿಗದೆ ಒದ್ದಾಡಿ 1866ರಲ್ಲಿ ಮತ್ತೆ ಶುರು ಮಾಡಿದರು. ನಿಮ್ಮ ಕಾಗದ ಅದಾಗಿ ನಾಲ್ಕೈದು ವರ್ಷಕ್ಕೆ ಬರೆದದ್ದು. ನಿಮ್ಮಜ್ಜನ ಅಜ್ಜ ಹರಾಜಿಗೆ ಮೊದಲೂ ಇದ್ದವರೋ, ಮತ್ತೆ ಕಟ್ಟುವಾಗ ಸೇರಿದವರೋ ಈ ಒಂದು ಹಾಳೆಯಿಂದ ಹೇಳಲಾಗದು.

ಕುಂದಾಪ್ರ ಕಡಲು (ಬುಧವಾರ ಬೆಳಿಗ್ಗೆ)

ಹೋ, ನಮ್ಮವರು ಅಂದುಕೊಂಡರೆ ದನದ ಜೊತೆ ಹೋಗಿಬಿಟ್ಟರಲ್ಲ. ಆದರೂ ಒಂದು ಸಂಶಯ. ಸೈನ್ಯದ ದನದ ಹಿಂಡಿಗೇ ಯಜಮಾನ ಅಂದಮೇಲೆ ಮನೆಯಲ್ಲಿ ಎರಡೇ ಎತ್ತು, ಒಂದು ಹಸುವೂ ಇಲ್ಲ ಅಂದರೆ ಹೇಗೆ? ಮಜ್ಜಿಗೆಗೆ ಏನು ಮಾಡುತ್ತಿದ್ದರು?

ಸರಪಳಿ ರಾಯರು (ಬುಧವಾರ ಬೆಳಿಗ್ಗೆ)

ಕಡಲು ಅವರೇ, ಬ್ಯಾಂಕಿನ ಕ್ಯಾಷಿಯರ್ ಮನೆಯಲ್ಲಿ ಬ್ಯಾಂಕಿನ ದುಡ್ಡು ಇರುತ್ತದೆಯೇ? ಹಿಂಡು ಸರ್ಕಾರದ್ದು. ಶಾನುಭೋಗ ಮನೆಯ ದನ ಮಾತ್ರ ಎಣಿಸಿದ್ದಾನೆ. ಎರಡು ಎತ್ತು ಹೊಲ ಉಳುವುದಕ್ಕೆ.

ಈ ಕಾವಲುಗಳ ನಕಾಶೆ ನಾನು ಬಹಳ ನೋಡಿದ್ದೇನೆ. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಬೇಸಿಗೆಯದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ನೆರಳಿಗೆ ಮರ ಬೇಕು, ಹತ್ತಿರ ಕೆರೆ ಬೇಕು. ಹುಲ್ಲು ಮುಗಿದಂತೆ ಹಿಂಡು ಎದ್ದು ನಡೆಯುತ್ತಿತ್ತು. ಸೇರ್ವೆಗಾರ ವರ್ಷದ ಯಾವ ತಿಂಗಳಲ್ಲಿ ಎಣಿಸಿದರೂ "ಊರಲ್ಲಿಲ್ಲ"ವೇ. ಆ ಕಾವಲುಗಳ ಎಷ್ಟೋ ಎಕರೆ ಆಮೇಲೆ ಯಾರ್ಯಾರ ಪಾಲಾಯಿತು ಅನ್ನುವುದು ಇನ್ನೊಂದು ಕಥೆ. ಅದನ್ನು ಇಲ್ಲಿ ತೆಗೆದರೆ ನನ್ನ ಬಿಪಿ ಏರುತ್ತೆ.

ಧಾರವಾಡದ ಮಾಸ್ತರ (ಬುಧವಾರ ಮಧ್ಯಾಹ್ನ)

ಅಮಾನಿ ಅಂದದ್ದು ವಾಪಸ್ ತಗೊಂಡೇನ್ರೀ. ಒಂದು ಗೀಟು ಎಷ್ಟು ದಿಕ್ಕು ತಪ್ಪಿಸ್ತು ನೋಡ್ರಿ.

ತರೀಕೆರೆ ಹುಡುಗ (ಬುಧವಾರ ರಾತ್ರಿ)

ಬೆಳಿಗ್ಗೆಯಿಂದ ಹುಳ ಸಾರ್ ಬರೆದದ್ದನ್ನು ನಾಲ್ಕು ಸಲ ಓದಿದೆ. ನಾಲ್ಕನೇ ಸಲ ಓದುವಾಗ ತಲೆಗೆ ಹೊಡೆದಂತಾಯಿತು.

ನಮ್ಮೂರ ಹೊರಗೆ, ಕೆರೆ ಏರಿಯ ಆಚೆ, ಒಂದು ಹಾಳು ಕಟ್ಟೆ ಇದೆ. ಸುತ್ತ ಹುಣಸೆ ಮರ. ಅದಕ್ಕೆ "ಬೆಣ್ಣೆ ಚೌಡಿ" ಅಂತ ಕರೆಯುತ್ತೇವೆ. ನಾನು ಹುಟ್ಟಿದಾಗಿಂದ ಅದು ಚೌಡಮ್ಮನ ಜಾಗ, ಹಿಂದೆ ಬೆಣ್ಣೆ ಹಚ್ಚಿ ಪೂಜೆ ಮಾಡುತ್ತಿದ್ದರು ಅಂತಲೇ ನಂಬಿದ್ದೆ. ಚಿಕ್ಕಂದಿನಲ್ಲಿ ಹೆದರಿ ಸಂಜೆ ಮೇಲೆ ಆ ಕಡೆ ಹೋಗುತ್ತಿರಲಿಲ್ಲ. ಅದು ಬೆಣ್ಣೆ *ಚಾವಡಿ* ಇರಬಹುದಾ?

ಕಡತದ ಹುಳ (ಬುಧವಾರ ರಾತ್ರಿ)

ಓದಿ ಕುರ್ಚಿಯಿಂದ ಎದ್ದೆ ಸಾರ್. ಚಾವಡಿ ಬಾಯಲ್ಲಿ ಚೌಡಿ ಆಗುವುದು ಏನೂ ದೊಡ್ಡದಲ್ಲ. ಟಿಪ್ಪು ಹೆಸರು ಬದಲಿಸಿದರೂ ಊರವರು ಹಳೇ ಹೆಸರಲ್ಲೇ ಕರೆದಿರಬಹುದು. ಆದರೂ ಈಗಲೇ ಬೋರ್ಡ್ ಹಾಕಿಸಬೇಡಿ. ನಿಜವಾಗಿ ಚೌಡಮ್ಮನಿಗೆ ಬೆಣ್ಣೆ ಹಚ್ಚುತ್ತಿದ್ದ ಜಾಗವೂ ಆಗಿರಬಹುದು. ಊರ ಹಳೇ ನಕಾಶೆಯಲ್ಲಿ ಆ ಜಾಗ ಖರಾಬು (ಸಾಗುವಳಿಗೆ ಬಾರದ ಜಮೀನು) ಅಂತಿದೆಯೋ, ದೇವಸ್ಥಾನ ಅಂತಿದೆಯೋ, ಕಾವಲು ಅಂತಿದೆಯೋ ನೋಡಿ. ಬೆಂಗಳೂರಿಗೆ ಬಂದರೆ ರಾಜ್ಯ ಪತ್ರಾಗಾರದಲ್ಲಿ ಅಮೃತ ಮಹಲ್ ಕಡತ ಕೇಳೋಣ, ನಾನೂ ಬರುತ್ತೇನೆ. ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಈ ಇಲಾಖೆಯ ಕಥೆ ವಿವರವಾಗಿದೆ, ಮೊದಲು ಅದನ್ನು ಓದಿಕೊಂಡು ಬನ್ನಿ.

ಇನ್ನೊಂದು ಕೇಳಬೇಕಿತ್ತು. ಪಟ್ಟಿಯಲ್ಲಿ ಮಕ್ಕಳು ಐದು ಅಂತಿದೆಯಲ್ಲ. ನಿಮ್ಮ ವಂಶವೃಕ್ಷದಲ್ಲಿ ಆ ತಲೆಮಾರಿನವರು ಎಷ್ಟು ಜನ?

ತರೀಕೆರೆ ಹುಡುಗ (ಗುರುವಾರ ಬೆಳಿಗ್ಗೆ)

ಒಬ್ಬರೇ. ನಮ್ಮಜ್ಜನ ಅಪ್ಪ. ಅಣ್ಣತಮ್ಮ, ಅಕ್ಕತಂಗಿ ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಒಬ್ಬನೇ ಮಗ ಅಂತ ಅಂದುಕೊಂಡಿದ್ದೆವು. ಯಾಕೆ ಕೇಳಿದಿರಿ?

ಕಡತದ ಹುಳ (ಗುರುವಾರ ಬೆಳಿಗ್ಗೆ)

ನಿಮ್ಮ ಹಾಳೆ ಬರೆದು ಐದು ವರ್ಷಕ್ಕೆ ಧಾತು ಈಶ್ವರ ಬರ ಬಂತು, 1876ರಿಂದ 78. 1871ರ ಗಣತಿಯಲ್ಲಿ ಮೈಸೂರು ಸೀಮೆಯ ಜನ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ 41,86,188. ನಿಮ್ಮ ಮನೆಯಲ್ಲಿ ಏನಾಯಿತು ಅಂತ ನಾನು ಹೇಳಲಾರೆ. ಆ ಐದರಲ್ಲಿ ಹೆಣ್ಣುಮಕ್ಕಳಿದ್ದು ಮದುವೆಯಾಗಿ ಹೋಗಿರಬಹುದು, ನೆಂಟರ ಮಕ್ಕಳೂ ಇರಬಹುದು. ಶಾನುಭೋಗ ಹೆಸರು ಬರೆದಿಲ್ಲವಲ್ಲ.

ಲೀಡ್ಸ್ ಕನ್ನಡತಿ (ಗುರುವಾರ ಮಧ್ಯಾಹ್ನ)

ಸಾರ್, ಮನೆಯಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಕಾಗದ ಬಿಟ್ಟು ಮೊದಲು ಅವರನ್ನು ಕೇಳಿ. ಇವತ್ತೇ ಕೇಳಿ.

ತರೀಕೆರೆ ಹುಡುಗ (ಶುಕ್ರವಾರ ರಾತ್ರಿ)

ನಮ್ಮ ದೊಡ್ಡತ್ತೆಗೆ ಎಂಬತ್ತೆಂಟು. ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆ. ಹೋಗಿ ಕೂತು ಕೇಳಿದೆ. ಸೇರ್ವೆಗಾರ ಅಂದರೆ "ಅದ್ಯಾವ್ದೋ ನಂಗೊತ್ತಿಲ್ಲ" ಅಂದರು. ಅಮೃತ ಮಹಲ್ ಅಂದರೆ "ಅಜ್ಜಂಪುರದಲ್ಲಿ ಫಾರಂ ಐತಲ್ಲ" ಅಂದರು, ಅಷ್ಟೇ. ಐದು ಮಕ್ಕಳ ಬಗ್ಗೆ ಅವರಿಗೂ ಏನೂ ಗೊತ್ತಿಲ್ಲ.

ಬೆಣ್ಣೆ ಚೌಡಿಗೆ ಬೆಣ್ಣೆ ಹಚ್ಚುತ್ತಿದ್ದರಾ ಅಂತ ಕೇಳಿದೆ. "ಹಬ್ಬಕ್ಕೆ ಎಡೆ ಇಟ್ಟಿದ್ದೇ ನಾ ಕಾಣೆ ಕಣೋ, ಬೆಣ್ಣೆ ಎಲ್ಲಿಂದ ಬಂತು" ಅಂದರು.

ಕಾಫಿ ಕುಡಿದು ಹೊರಡುವಾಗ ಮೊಮ್ಮಗ ಆಟ ಮುಗಿಸಿ ತಡವಾಗಿ ಒಳಗೆ ಬಂದ. ಅತ್ತೆ ಅವನಿಗೆ ಒಂದು ಗದರು ಹಾಕಿದರು: "ಎಲ್ಲೋ ಹೋಗಿದ್ದೆ, ಮಹಲಿನ ದನ ಹುಡುಕ್ಕೊಂಡು ಹೋಗಿದ್ಯಾ?"

ಚಪ್ಪಲಿ ಹಾಕುತ್ತಿದ್ದವನು ಹಾಗೇ ನಿಂತೆ. ಅದನ್ನು ಯಾರು ಹೇಳಿಕೊಟ್ಟದ್ದು ಅತ್ತೆ ಅಂದೆ. "ನಮ್ಮಪ್ಪ ಬೈತಿದ್ದಿದ್ದೇ ಹಂಗೆ. ಎಲ್ಲರ ಮನೇಲೂ ಹಂಗೇ ಬೈತಾರಲ್ವಾ?" ಅಂದರು.